ಕಿವಿಗೆ ಕೇಳದ ಸದ್ದು

ನಿಪ್ಪಾಣಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಉಜ್ವಲಾ ಟೀಚರಿಗೆ ಸದ್ದಿನ ಪಾಠ ಬಂದರೆ ಮೈಯೆಲ್ಲ ಉರಿಯುತ್ತದೆ. ಮನುಷ್ಯರ ಕಿವಿಗೆ ಕೇಳದ ಸದ್ದಿಗೆ ಕನ್ನಡದಲ್ಲಿ ಶ್ರವಣಾತೀತ, ಮರಾಠಿಯಲ್ಲಿ ಶ್ರಾವ್ಯಾತೀತ, ಹಿಂದಿಯಲ್ಲಿ ಪರಾಶ್ರವ್ಯ ಎಂದು ಬೋರ್ಡಿನ ಮೇಲೆ ಬರೆದಳು.

"ಹಂಗಾದ್ರ ಅದು ಯಾರಿಗೆ ಕೇಳಸ್ತೈತ್ರಿ, ಟೀಚರ್?" ಎಂದಳು ಮುಂದಿನ ಬೆಂಚಿನ ನೀಲಮ.

"ಬಾವಲಿಗೆ. ನಾಯಿಗೆ."

'ನಮ್ಮ ಅತ್ತೆಗೆ' ಎಂಬುದು ಉಜ್ವಲಾಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಹಿಂದೊಮ್ಮೆ ಅದೇ ಸದ್ದಿನ ಸ್ಕ್ಯಾನಿಂಗ್ ಮಷೀನನ್ನು ಬಸುರಿಯಾಗಿದ್ದ ಅವಳ ಹೊಟ್ಟೆಯ ಮೇಲೆ ಆಡಿಸಿದ ಗಡಿಯಾಚೆಯ ಡಾಕ್ಟರ್ "ಬರ್ಫಿ" ಎಂದಷ್ಟೇ ಹೇಳಿದ್ದ. ಗಂಡು ಹುಟ್ಟಿದರೆ ಪೇಡೆ, ಹೆಣ್ಣಾದರೆ ಬರ್ಫಿ ಹಂಚುವ ಸೀಮೆಯಲ್ಲಿ ಅಷ್ಟು ಸಾಕು. "ತೆಗೆದ್ಬಿಡ್ರಿ" ಎಂದರು ಜೊತೆಗೆ ಬಂದಿದ್ದ ಅತ್ತೆ.

ಉಜ್ವಲಾ ಕನ್ನಡದಲ್ಲಿ "ಬ್ಯಾಡ್ರಿ" ಎಂದು ಚೀರಿದಳು, ಮರಾಠಿಯಲ್ಲಿ "ನಕೋ" ಎಂದು ಚೀರಿದಳು. ಆ ಕೋಣೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.