ಹೊಸ್ತಿಲ ಮೇಲಿನ ಖಾಲಿ ಬಿಂದಿಗೆ

ಲೇ ಮಕ್ಳಾ, ಒಂದು ಪ್ರಶ್ನೆ ಕೇಳ್ತೀನಿ, ಹೇಳಿ ನೋಡೋಣ. ಒಬ್ಬರ ತಲೆ ಮೇಲೆ ಮೈಸೂರು ಪೇಟ ಇಟ್ರೆ ಬಾಯಿ ಕಟ್ಟೋಗೋದು ಯಾರ್ದು? ಇಡಿಸ್ಕೊಂಡೋರ್ದಾ, ಇಟ್ಟೋರ್ದಾ? ನಿಧಾನಕ್ಕೆ ಯೋಚ್ನೆ ಮಾಡಿ. ನಾನು ಫೋನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟೋ ಹೊತ್ತಿಗೆ ನಿಮಗೆ ಉತ್ತರ ಸಿಕ್ಕಿರುತ್ತೆ.

ನಾನು ಚಿಕ್ಕವಳಿದ್ದಾಗ ದೊಡ್ಡಬಳ್ಳಾಪುರದಲ್ಲಿ ಅಪ್ಪ ಮಗ್ಗದೋರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕ್ಕೊಡ್ತಿದ್ರು. ಮನೆ ಮುಂದಿನ ಶೆಡ್ಡೇ ಅಂಗಡಿ. ಕುದಿಯೋ ಹಂಡೆಗಳು, ಮೂಗಿಗೆ ಹತ್ತೋ ಘಾಟು, ಬಿದಿರು ಗಳುವಿನ ಮೇಲೆ ತೊಟ್ಟಿಕ್ಕೋ ಕೆಂಪು, ಹಸಿರು ನೂಲಿನ ಲಡಿಗಳು. ಅಪ್ಪನ ಕೈ ಮೊಣಕೈವರೆಗೂ ದಿನಕ್ಕೊಂದು ಬಣ್ಣ. ಬಣ್ಣಕ್ಕೆ ನೀರು ಬೇಕಲ್ಲ? ಬೀದೀಲಿ ನಲ್ಲಿ ಇರಲಿಲ್ಲ. ಛತ್ರದ ಹಿಂದಿನ ಬಾವಿಯಿಂದ ಹೊತ್ಕೊಂಡು ಬರ್ತಿದ್ದೋಳು ಅಕ್ಕ. ಅದಕ್ಕೇ ಅವಳ ಸ್ಕೂಲು ಬಿಡಿಸಿದ್ರು. "ನಲ್ಲಿ ಬಂದ ದಿನಾನೇ ಕಳಿಸ್ತೀನಿ ಕಣಮ್ಮ" ಅಂತ ಅಪ್ಪ ಹೇಳಿದ್ರು. ಅಕ್ಕ ಪುಸ್ತಕಾನ ಅಕ್ಕಿ ಡಬ್ಬದ ಮೇಲೆ ಇಟ್ಕೊಂಡು ಕಾಯ್ತಿದ್ಲು.

ಬೀದಿ ಅಂಗಡಿಯೋರೆಲ್ಲಾ ಸೇರಿ ಒಂದು ಸಂಘ ಕಟ್ಕೊಂಡಿದ್ರು. ಸೋಡಾ ಅಂಗಡಿಯೋರು ಅಧ್ಯಕ್ಷರು. ಸಂಘಕ್ಕೆ ಇದ್ದಿದ್ದು ಒಂದೇ ಕೆಲ್ಸ, ಬಿಳಿ ಬಟ್ಟೆ ಹಾಕ್ಕೊಂಡು ಯಾರೇ ಬಂದ್ರೂ ಹಿಡಿದು ಸನ್ಮಾನ ಮಾಡೋದು. ಆ ವರ್ಷ ಎಲೆಕ್ಷನ್ ಹತ್ರ ಇತ್ತು. ಆಯುಧಪೂಜೆಗೆ ಒಬ್ಬ ಲೀಡರ್ ಬರ್ತಾರೆ ಅಂತ ಸುದ್ದಿ ಬಂತು.

"ನಲ್ಲಿ ಕೇಳೇಬಿಡೋಣ" ಅಂದ್ರು ಅಪ್ಪ.

"ಕೇಳೋಣ ಕಣಪ್ಪಾ, ಮೊದ್ಲು ಮರ್ಯಾದೆ ಆಗ್ಲಿ" ಅಂದ್ರು ಸೋಡಾದೋರು.

ನಮ್ಮ ಶೆಡ್ಡಲ್ಲೇ ಕಾರ್ಯಕ್ರಮ. ಸಾಂಬ್ರಾಣಿ ಹೊಗೆ, ಚೆಂಡುಹೂವು, ಒಡೆದ ಬೂದುಗುಂಬಳದ ಮೇಲೆ ಕುಂಕುಮ. ಲೀಡರ್‌ಗೆ ಪೇಟ ಇಟ್ರು, ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು. ನಾನು ಕೆಂಪು ಲಂಗ ಉಟ್ಕೊಂಡು ಆರತಿ ಎತ್ತಿದೆ. ಅವರು ಬುಟ್ಟಿಯಿಂದ ಒಂದು ಸೇಬು ತೆಗೆದು ನನ್ನ ಕೈಗಿಟ್ರು. ಆಗೆಲ್ಲಾ ಸೇಬು ಅಂದ್ರೆ ಜ್ವರ ಬಂದೋರಿಗೆ ಮಾತ್ರ! ಹಂಡೆ ಹಿಂದೆ ಕೂತ್ಕೊಂಡು ಬೀಜ ಸಮೇತ ತಿಂದ್ಬಿಟ್ಟೆ.

ಮರ್ಯಾದೆ ಆಯ್ತು. ಈಗ ಕೇಳ್ಬೇಕಲ್ಲ? ಒಬ್ಬರ ಮುಖ ಒಬ್ಬರು ನೋಡಿದ್ರು. "ಶಾಲು ಹೊದಿಸಿದ ಕೈಯಲ್ಲೇ ಬೇಡೋದು ಚೆನ್ನಾಗಿರಲ್ಲ, ಬಂದೋರಿಗೆ ಬೇಜಾರಾಗುತ್ತೆ" ಅಂತ ಪಿಸುಗುಟ್ಟಿದ್ರು ಸೋಡಾದೋರು. ಗಿರಾಕಿ ಹತ್ರ ಗಂಟಲು ಹರ್ಕೊಳ್ಳೋ ಗಂಡಸ್ರು, ಕೈ ಕಟ್ಕೊಂಡು ಹಲ್ಲು ಕಿರ್ಕೊಂಡು ನಿಂತಿದ್ರು. ಅಪ್ಪಾನೂ ಅಷ್ಟೇ, ತಮ್ಮ ನೀಲಿ ಕೈ ನೋಡ್ಕೊಂಡು ತಲೆ ತಗ್ಗಿಸಿದ್ರು. ನೋಡಿದ್ರಾ ಮಕ್ಳಾ, ಬಾಯಿ ಕಟ್ಟೋಗಿದ್ದು ಯಾರ್ದು ಅಂತ?

ಲೀಡರ್ ಎದ್ದು ಬಾಗಿಲಿಗೆ ಬಂದ್ರು. ಆಗ ಅಕ್ಕ ಬಂದು ಹೊಸ್ತಿಲ ಮೇಲೆ ಖಾಲಿ ಬಿಂದಿಗೆ ಇಟ್ಬಿಟ್ಲು, ಠಣ್ ಅಂತ. ಹೊರಡೋವಾಗ ಖಾಲಿ ಬಿಂದಿಗೆ ಎದುರಾದ್ರೆ ಅಪಶಕುನ ಅಂತ ನಮ್ಮೂರಲ್ಲಿ ಕೂಸಿಗೂ ಗೊತ್ತು. ಅದೂ ಎಲೆಕ್ಷನ್ ಟೈಮಲ್ಲಿ! ಲೀಡರ್ ಎತ್ತಿದ ಕಾಲು ಹಿಂದಕ್ಕೆ ಹೋಯ್ತು.

"ತೆಗಿಯೇ ಅದ್ನ!" ಅಂತ ಕಿರುಚಿದ್ರು ಸೋಡಾದೋರು.

"ತುಂಬಿಸ್ಕೊಡಿ, ತೆಗೀತೀನಿ. ಬಾವಿ ಛತ್ರದ ಹಿಂದಿದೆ. ನಾನು ದಿನಾ ಹೋಗ್ಬರ್ತೀನಿ, ನೀವೂ ಒಂದ್ಸಲ ಹೋಗ್ಬನ್ನಿ" ಅಂದ್ಲು ಅಕ್ಕ.

ಬಾವಿಗೆ ಹೋಗೋಕೆ ಪುರುಸೊತ್ತೆಲ್ಲಿ? ಸೋಡಾದೋರು ಪಂಚೆ ಎತ್ತಿ ಕಟ್ಟಿ ಅಂಗಡಿಗೆ ಓಡಿದ್ರು. ಗೋಲಿ ಸೋಡಾ ಕ್ರೇಟು ತಂದ್ರು. ಟಪ್, ಟಪ್, ಟಪ್ ಅಂತ ಗೋಲಿ ಒತ್ತಿ ಬಿಂದಿಗೆಗೆ ಸುರಿದಿದ್ದೇ ಸುರಿದಿದ್ದು. ಬುರುಗು ಉಕ್ಕಿ ಲೀಡರ್ ಚಪ್ಪಲಿ ನೆನೀತು. ಅವರಿಗೆ ನಗು ತಡೆಯೋಕಾಗ್ಲಿಲ್ಲ. "ಏನಮ್ಮಾ ಬೇಕು ನಿಂಗೆ?" ಅಂದ್ರು. "ನಲ್ಲಿ" ಅಂದ್ಲು ಅಕ್ಕ. ಅಷ್ಟೇ.

ನಲ್ಲಿ ಬಂತು. ಪಕ್ಕದಲ್ಲಿ ಒಂದು ಕಲ್ಲೂ ಬಂತು, ಅದರ ತುಂಬಾ ಸಂಘದೋರ ಹೆಸ್ರು, ಸೋಡಾದೋರದ್ದು ದಪ್ಪಕ್ಷರದಲ್ಲಿ. ಅಕ್ಕನ ಹೆಸ್ರು ಇರಲಿಲ್ಲ. ಅವಳು ದಿನಾ ಸ್ಕೂಲಿಗೆ ಹೋಗೋವಾಗ ಆ ಕಲ್ಲಿನ ಮೇಲೇ ಕಾಲಿಟ್ಟು ತೊಳ್ಕೊಂಡು ಹೋಗ್ತಿದ್ಲು.

ಈಗ ನನ್ನ ಮಗನ ಬೇಕರಿ ನೋಡಿ. ನಲ್ಲಿ ಇದೆ, ಫ್ರಿಜ್ಜಿದೆ, ಸೇಬಂತೂ ಬೇಡಾ ಅನ್ನೋಷ್ಟು. ಬೋರ್ಡು ಮಾತ್ರ ಕಾಣಲ್ಲ, ಮೇಲೆ ಈಗಿನ ಲೀಡರ್ ಒಬ್ಬರ ಹುಟ್ಟುಹಬ್ಬದ ಫ್ಲೆಕ್ಸು. ಅವರ ಮುಖ ಹಂಡೆಯಷ್ಟು, ಮೂಲೇಲಿ ನನ್ನ ಮಗನ ಮುಖ ಸೋಡಾ ಗೋಲಿಯಷ್ಟು. ಕೆಳಗೆ ಮೋರಿ ಬಾಯಿ ತೆಗೆದು ನಾರ್ತಿದೆ, ಗಿರಾಕಿಗಳು ಮೂಗು ಮುಚ್ಕೊಂಡು ಪಫ್ಸ್ ತಿಂತಾರೆ. ಮೋರಿ ವಿಷ್ಯ ಎತ್ತೋ ಅಂದ್ರೆ, "ಈಗ್ತಾನೇ ವಿಶ್ ಮಾಡಿದೀನಮ್ಮ, ಚೆನ್ನಾಗಿರಲ್ಲ" ಅಂತಾನೆ. ಥೂ, ಅದೇ ಸೋಡಾ!

ನಿನ್ನೆ ಈ ಕತೇನೆಲ್ಲಾ ಮೊಮ್ಮಗಳಿಗೆ ಹೇಳಿ, "ನೋಡೇ, ನಿಮ್ಮಪ್ಪಂಗೆ ನಾಚ್ಕೆ ಆಗ್ಬೇಕು" ಅಂದೆ.

ಅವಳು ಬೆರಳಿಗಂಟಿದ ಕ್ರೀಮು ನೆಕ್ಕೊಂಡು ಅಂದ್ಲು, "ಎಲ್ಲಾ ಸರಿ ಅಜ್ಜಿ, ಆ ಸೇಬಲ್ಲಿ ನಿಮ್ಮಕ್ಕಂಗೆ ಒಂದು ಚೂರಾದ್ರೂ ಕೊಟ್ಯಾ?"