ವಿಮಾನದ ಗಾಜಿಗೂ ವಾರ್ನಿಷ್

ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನವನ್ನು ಹಾಳು ಮಾಡಲು ಎಷ್ಟು ಹೊತ್ತು ಬೇಕು? ಮೊನ್ನೆ ನಾನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡಿ ಮುಗಿಸಿದೆ.

ಪ್ಲಾಸ್ಟಿಕ್ ಮಾಡೆಲ್ ವಿಮಾನ ಕಟ್ಟುವುದು ನನ್ನ ಹುಚ್ಚು ಎಂದು ನಿಮಗೆ ಗೊತ್ತೇ ಇದೆ. (ಕಡೂರಿನಲ್ಲಿ ಈ ಹುಚ್ಚಿಗೆ ನಾನೊಬ್ಬನೇ ವಾರಸುದಾರ.) ಈ ಸಲದ್ದು ತರೀಕೆರೆಯ ಗೆಳೆಯ ಖಲೀಲನಿಗೆ. ಏರ್‌ಫೋರ್ಸಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಪೈಲಟ್ ತಲೆಯ ಮೇಲಿನ ಗಾಜು ಒರೆಸುವುದರಲ್ಲಿ ಅವನದು ಎತ್ತಿದ ಕೈ. "ಒಂದು ಚುಕ್ಕೆ ಉಳುದ್ರೂ ಎದುರಿಂದ ಬರೋ ವಿಮಾನದಂಗೆ ಕಾಣ್ತದೆ ಕಣೋ" ಎನ್ನುತ್ತಿದ್ದ.

ಈಗ ಅವನಿಗೇ ಗ್ಲಾಕೋಮಾ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದಕ್ಕೂ ಭರವಸೆಯಿಲ್ಲ ಎಂದಿದ್ದಾರೆ ಡಾಕ್ಟರು. ಅವನ ಹೆಂಡತಿ ನಸೀಮಾ ಫೋನ್ ಮಾಡಿದರು. "ಅಣ್ಣಾ, ಬೇಗ ತಂದ್ಬಿಡಿ. ಕಾಣೋವಾಗ್ಲೇ ನೋಡ್ಲಿ."

ಅವಸರಕ್ಕೆ ಬಿದ್ದೆ. ಯುದ್ಧವಿಮಾನ ಹೊಸ ಮನೆಯ ಬಾಗಿಲಿನಂತೆ ಮಿಂಚಬಾರದು. ಹಾಗಾಗಿ ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಬೇಕು. ಅದಕ್ಕೂ ಮೊದಲು ಗಾಜನ್ನು ಟೇಪ್ ಅಂಟಿಸಿ ಮುಚ್ಚಬೇಕು. ತರೀಕೆರೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅದನ್ನೇ ಮರೆತೆ. ಗಾಜು ಬೆಳ್ಳಗೆ ಹಾಲುಬಣ್ಣಕ್ಕೆ ತಿರುಗಿತು. ಥಿನ್ನರ್ ಹಾಕಿ ಉಜ್ಜಿದೆ. ಇನ್ನಷ್ಟು ಕೆಟ್ಟಿತು.

ಅಳು ಬಂತು. ಹಿಂದೆಯೇ ಒಂದು ಹಾಳು ಯೋಚನೆಯೂ ಬಂತು: ಅವನಿಗೆಲ್ಲಿ ಅಷ್ಟು ಸಣ್ಣದು ಕಾಣುತ್ತೆ, ಬಿಡು! (ಛೀ ಎನ್ನಿ. ನಾನೂ ಅಂದುಕೊಂಡಿದ್ದೇನೆ.)

ಹಾಗೇ ತೆಗೆದುಕೊಂಡು ಹೋಗಿ ಅವನ ಕೈಗಿಟ್ಟೆ. ಖಲೀಲ ಕಿಟಕಿಯ ಹತ್ತಿರ ಕೂತು ವಿಮಾನದ ರೆಕ್ಕೆ ಸವರಿದ. ಖುಷಿಪಟ್ಟ. ಆಮೇಲೆ ಗಾಜಿಗೆ ಕಣ್ಣು ತಾಗುವಷ್ಟು ಹತ್ತಿರ ಹಿಡಿದ. ಕರ್ಚೀಫ್ ತೆಗೆದು ಗಾಜು ಒರೆಸಿದ. ತನ್ನ ಕನ್ನಡಕ ಒರೆಸಿಕೊಂಡ. ಮತ್ತೆ ಗಾಜು ಒರೆಸಿದ.

"ಶಿವಾ, ಒಳಗಡೆ ಸೀಟೇ ಕಾಣ್ತಿಲ್ವಲ್ಲೋ. ಬೆಳಗ್ಗೆ ಇಷ್ಟು ಮಸುಕಿರ್ಲಿಲ್ಲ."

"ನಿನ್ ಕಣ್ಣಲ್ಲ ಕಣೋ, ಗಾಜೇ ಹಾಳಾಗೈತೆ. ನಾನೇ ಅದ್ರ ಮೇಲೆ ವಾರ್ನಿಷ್ ಹೊಡ್ದುಬಿಟ್ಟೆ."

ಅವನು ನಕ್ಕ. "ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ನೀನು ಗಾಜಿಗೆ ವಾರ್ನಿಷ್ ಹೊಡೆಯೋನೇನೋ?"

ನಸೀಮಾ ಬಗ್ಗಿ ನೋಡಿದರು. "ಹೌದು ಕಣ್ರೀ, ಗಾಜೇ ಬೆಳ್ಳಗಾಗೈತೆ."

"ನೀನೂ ಶುರು ಹಚ್ಕೊಂಡ್ಯಾ?" ಎಂದವನು ವಿಮಾನವನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡ. ನಾನು ಏನೆಂದರೂ ತೆರೆಯಲಿಲ್ಲ.

ಹೇಳಿ, ನನ್ನ ಮಾತನ್ನು ಅವನು ನಂಬಬೇಕಿದ್ದರೆ ನಾನು ಇನ್ನೆಷ್ಟು ಕೆಟ್ಟ ಗೆಳೆಯನಾಗಿರಬೇಕಿತ್ತು?