ಬೋರ್ಡಿನ ಹೆಂಗಸಿನ ಮುಖ

ನಮ್ಮಣ್ಣ ಬೋರ್ಡು ಬರೆಯುವವನು. ಬಟ್ಟೆ ಅಂಗಡಿ, ಸೋಪಿನ ಅಂಗಡಿ, ಹಲ್ಲಿನ ಡಾಕ್ಟರು, ಯಾರ ಬೋರ್ಡು ನೋಡಿದರೂ ಅದರಲ್ಲಿ ನಗುವ ಹೆಂಗಸು ಅವನು ಬರೆದವಳೇ. ಮಾತು ಕಡಿಮೆ, ಜಂಬ ಜಾಸ್ತಿ. ಅತ್ತಿಗೆ ತೀರಿಕೊಂಡಾಗ ಮಗಳಿಗೆ ಐದು ವರ್ಷ; ಸಾಕಿದ್ದು ನಾನು. ಅತ್ತಿಗೆಯದೆಂದು ಇದ್ದದ್ದು ಒಂದೇ ಫೋಟೋ. ಅದನ್ನೂ ಈ ಪುಣ್ಯಾತ್ಮ ಮಾದರಿಗೆಂದು ಅಂಗಡಿಯ ಗೋಡೆಗೆ ಅಂಟಿಸಿ, ಟರ್ಪೆಂಟೈನ್ ಚೆಲ್ಲಿ ಹಾಳು ಮಾಡಿದ್ದ.

ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಟೀಚರು ಒಂದು ಪುಸ್ತಕ ಓದಿಸಿದರು. ಯಾರೋ ಹೆಂಗಸು ತನ್ನ ಬಾಳನ್ನೆಲ್ಲ ಚೌಕ ಚೌಕವಾಗಿ ಚಿತ್ರ ಬರೆದು ಹೇಳಿದ್ದಳಂತೆ. ಸತ್ತ ತಾಯಿ ಪುಟಪುಟದಲ್ಲೂ ಇದ್ದಳಂತೆ: ಬೈಯುವ ತಾಯಿ, ತಲೆ ಬಾಚುವ ತಾಯಿ, ಆಸ್ಪತ್ರೆಯ ಮಂಚದ ಮೇಲಿನ ತಾಯಿ. ಹುಡುಗಿ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಪ್ಪನ ಅಂಗಡಿಗೆ ಓಡಿದಳು. ಏನಾಯಿತೋ ಎಂದು ನಾನೂ ಹಿಂದೆಯೇ ಹೋದೆ.

"ಅಪ್ಪಾ, ಅಮ್ಮನ್ನ ಬರೆದುಕೊಡು. ನಂಗೆ ಅವಳ ಮುಖ ಮರೆತುಹೋಗ್ತಿದೆ."

"ಅದೇನ್ ಮಹಾ," ಅಂದ ಅಣ್ಣ. ಪೆನ್ಸಿಲ್ ಚೂಪು ಮಾಡಿಕೊಂಡು ಕೂತ. ಕೈ ಸರಸರ ಓಡಿತು. ಮುಗಿಸಿ ಎತ್ತಿ ತೋರಿಸಿದರೆ, ಸೋಪಿನ ಅಂಗಡಿಯ ಹೆಂಗಸು.

"ಇವಳಲ್ಲ," ಅಂದಳು ಹುಡುಗಿ.

ಅಳಿಸಿ ಮತ್ತೆ ಬರೆದ. ಈ ಸಲ ಬಟ್ಟೆ ಅಂಗಡಿಯವಳು. ಮೂಗು ಇದಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಮತ್ತೆ ಹೇಗಿತ್ತು ಎಂದು ಹೇಳಲು ಬರಲಿಲ್ಲ. ಅಣ್ಣನ ಕೈ ನಿಂತುಬಿಟ್ಟಿತು.

"ಮೊದಲನೇ ಬೋರ್ಡಿಗೆ ಅವಳನ್ನೇ ಬರೆದಿದ್ದೆ ಕಣೇ," ಅಂದ ನನ್ನ ಕಡೆ ನೋಡಿ. "ಒಬ್ಬ ಬಂದು ಮೂಗು ಸಣ್ಣ ಮಾಡು ಅಂದ, ಇನ್ನೊಬ್ಬ ಕೆನ್ನೆ ತುಂಬಿಸು ಅಂದ. ಮಾಡ್ತಾ ಹೋದೆ. ಈಗ ಅವಳದು ಯಾವುದು, ಗಿರಾಕಿಗಳದು ಯಾವುದು, ಒಂದೂ ಗೊತ್ತಾಗ್ತಿಲ್ಲ."

ನನಗೆ ಕೋಪ ನೆತ್ತಿಗೇರಿತ್ತು. ಅವನ ಮುಖ ನೋಡಿ ಬೈಯಲೂ ಆಗಲಿಲ್ಲ.

ಹುಡುಗಿ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಆ ಪುಸ್ತಕದಲ್ಲಿದ್ದ ಹಾಗೆ ಒಂದು ಚೌಕ ಎಳೆದಳು. ಅದರೊಳಗೆ ಒಲೆಯ ಮುಂದೆ ನಿಂತ ಹೆಂಗಸಿನ ಬೆನ್ನು, ಸಡಿಲ ಜಡೆ, ಸೊಂಟದ ಬಟ್ಟೆಗೆ ಒರೆಸಿಕೊಳ್ಳುವ ಒದ್ದೆ ಕೈ. ಗೆರೆಯೆಲ್ಲ ಸೊಟ್ಟಪಟ್ಟ. "ನಂಗೆ ನೆನಪಿರೋದು ಇಷ್ಟೇ," ಅಂದಳು. ಚಿತ್ರದಲ್ಲಿ ಎಡಭುಜ ತುಸು ಇಳಿದಿತ್ತು. ಅತ್ತಿಗೆಯದು ಹಾಗೇ ಇತ್ತು.

ಅಣ್ಣ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾವಿಬ್ಬರು ಅಲ್ಲಿರುವುದೇ ಅವನಿಗೆ ಮರೆತಿತ್ತೇನೋ.

"ಒಂದ್ಸಲ ಈ ಕಡೆ ತಿರುಗೇ," ಅಂದ.